ಮೂರನೆಯ ಗೀರು

ನಮ್ಮ ದೊಡ್ಡಮ್ಮ ಮೂವತ್ತು ವರ್ಷ ಮಾಂಸದಂಗಡಿಯಲ್ಲಿ ಕತ್ತಿ ಹಿಡಿದವಳು. ಅಂಗಡಿ ಮುಚ್ಚಿದ ಮೇಲೆ, ನಾನು ಪೆಟ್ಟಿಗೆಗಳಿಗೆ ಹೆಸರಿನ ಚೀಟಿ ಬರೆಯುವ ಮ್ಯೂಸಿಯಂನ ಹಿಂದಿನ ಕೋಣೆಗೇ ಬಂದು ಸೇರಿದಳು. ಗುಹೆಗಳಿಂದ ಮೂಟೆಗಟ್ಟಲೆ ಬರುವ ಮಣ್ಣನ್ನು ಜರಡಿಯಲ್ಲಿ ತೊಳೆದು, ಕಲ್ಲು ಬೇರೆ, ಮೂಳೆ ಬೇರೆ ಮಾಡುವುದು ಅವಳ ಕೆಲಸ. ಅನುಮಾನ ಬಂದರೆ ಚೂರನ್ನು ನಾಲಿಗೆಗೆ ಮುಟ್ಟಿಸುವಳು. ಕಲ್ಲು ಜಾರುತ್ತದೆ, ಹಳೆಯ ಮೂಳೆ ಅಂಟಿಕೊಳ್ಳುತ್ತದೆ. "ಥೂ, ಯಾವ ಕಾಲದ ಹೆಣವೋ!" ಎಂದು ನಾನು ಮುಖ ಸಿಂಡರಿಸಿದರೆ, "ಬಿಡೇ, ಉಪ್ಪೊಂದು ಕಮ್ಮಿ" ಎನ್ನುವಳು.

ಕಳೆದ ವರ್ಷ ಅವಳ ಕಣ್ಣು ಮಂಜಾಯಿತು. ಆಪರೇಷನ್ ಮಾಡಿದರೂ ಬರುವ ಕಣ್ಣಲ್ಲ ಎಂದರಂತೆ ಡಾಕ್ಟರು. ನನಗೂ ಹೇಳಲಿಲ್ಲ, ಗಟ್ಟಿಗಿತ್ತಿ! ಒಂದು ಕರಡಿಯ ಹಲ್ಲು ಕಲ್ಲಿನ ರಾಶಿಗೆ ಹೋದಾಗ ಗುಟ್ಟು ರಟ್ಟಾಯಿತು. ಮೂಳೆ ಪರೀಕ್ಷಿಸುವ ಮೇಡಂ ಕೆಟ್ಟವರಲ್ಲ. ಆದರೂ "ಈ ತಿಂಗಳಿಗೆ ಸಾಕು ಮಾಡಿ, ಅಮ್ಮ" ಎಂದುಬಿಟ್ಟರು. ದೊಡ್ಡಮ್ಮ ಆ ದಿನ ಊಟ ಮುಟ್ಟಲಿಲ್ಲ.

ಕೊನೆಯ ವಾರ ಒಂದು ದಪ್ಪ ಮೂಳೆ ಬಂತು. ಈಗ ಭೂಮಿಯ ಮೇಲೇ ಇಲ್ಲದ ಕಾಡೆತ್ತಿನ ಕಾಲು, ಲಕ್ಷ ವರ್ಷ ಹಳೆಯದು. ಅದರ ಮೇಲಿದ್ದ ಮೂರು ಗೀರುಗಳನ್ನು ಭೂತಗನ್ನಡಿಯಲ್ಲಿ ನೋಡಿದ ಮೇಡಂ, "ಇಲಿ ಕಡಿದಿದ್ದು" ಎಂದು ನನ್ನಿಂದ ಬರೆಸಿದರು. ತಟ್ಟೆ ಎತ್ತಿಡುವಾಗ ದೊಡ್ಡಮ್ಮನ ಹೆಬ್ಬೆರಳು ಅಲ್ಲೇ ನಿಂತುಬಿಟ್ಟಿತು.

"ಮೇಡಂ, ಇದು ಇಲಿಯಲ್ಲ."

"ನಿಮಗೆ ಕಾಣಿಸುತ್ತಾ?"

"ಕಾಣೋದೆಲ್ಲಿ ಬಂತು! ಇಲಿ ಎಲ್ಲಿ ಬೇಕಾದ್ರೂ ಕಡಿಯುತ್ತೆ. ಇದು ಕೀಲಿನ ಹತ್ರ, ನರ ಹಿಡ್ಕೊಂಡಿರೋ ಜಾಗ. ಇಲ್ಲಿ ಕೊಯ್ದರೆ ಮಾಂಸ ತಾನಾಗಿ ಬಿಡುತ್ತೆ. ನಮ್ಮಪ್ಪ ನನಗೆ ಹೇಳ್ಕೊಟ್ಟಿದ್ದೂ ಇದೇ. ಮೂರನೇ ಗೀರು ಪಕ್ಕಕ್ಕೆ ಓಡಿದೆ ನೋಡಿ. ಕೈ ಜಾರಿದೆ, ಪಾಪ. ಹೊಸ ಕೈ ಇರಬೇಕು."

ಮೇಡಂ ಮತ್ತೆ ಗಾಜಿಗೆ ಕಣ್ಣಿಟ್ಟರು. ಬಹಳ ಹೊತ್ತು ಎತ್ತಲಿಲ್ಲ. "ಕಲ್ಲಿನ ಚೂರಿ," ಎಂದರು. ಆ ಗುಹೆಯಲ್ಲಿ ಮನುಷ್ಯರಿದ್ದರು ಎನ್ನಲು ಅದುವರೆಗೂ ಒಂದು ಹಿಡಿ ಬೂದಿಯೂ ಸಿಕ್ಕಿರಲಿಲ್ಲ. ಲಕ್ಷ ವರ್ಷದ ಹಿಂದೆ ಯಾರದೋ ಕೈ ಜಾರಿದ್ದು, ನಲ್ಲಿ ಸೋರುವ ಈ ಕೋಣೆಯಲ್ಲಿ ನಮ್ಮ ದೊಡ್ಡಮ್ಮನ ಬೆರಳಿಗೆ ಸಿಕ್ಕಿತಲ್ಲ, ಅಬ್ಬಾ!

ನಾನು ಚೀಟಿಯಲ್ಲಿದ್ದ ಇಲಿಯನ್ನು ಹೊಡೆದುಹಾಕಿದೆ. 'ಇಲಿ' ಎಂದು ಬರೆದು ಬೀರುವಿಗೆ ಸೇರಿಸಿದ್ದ ಹಳೆಯ ಪೆಟ್ಟಿಗೆಗಳನ್ನೆಲ್ಲ ಮೇಡಂ ತಾವೇ ಹೊತ್ತು ತಂದರು.

"ಇವನ್ನೂ ಮುಟ್ಟಿ ನೋಡ್ತೀರಾ, ಅಮ್ಮ?"

"ಈ ತಿಂಗಳೊಳಗೆ ಮುಗಿಯಲ್ಲವಲ್ಲ, ಮೇಡಂ."

"ಮುಗಿಯೋದು ಬೇಡ."

ದೊಡ್ಡಮ್ಮನ ಹೆಬ್ಬೆರಳು ಇನ್ನೂ ಮೂರನೆಯ ಗೀರಿನ ಮೇಲೇ ಇತ್ತು.

"ಪರವಾಗಿಲ್ಲ ಮಗು," ಎಂದಳು ಮೂಳೆಗೆ. "ನನಗೂ ಮೊದಮೊದಲು ಹೀಗೇ ಜಾರ್ತಿತ್ತು."