ಗೇರ್ ತೆಗೆಸುವ ಮಾತು

"ಗೇರ್ ಎಲ್ಲಾ ತಗಸಿ ಬಿಡ್ರಿ ಮೇಡಂ. ಸಾದಾ ಸೈಕಲ್ ಮಾಡಿ ಕೊಡ್ತೀನಿ, ಆರಾಮಾಗಿ ಓಡಾಡ್ರಿ" ಎಂದು ಶಿಕಾರಿಪುರದ ಸೈಕಲ್ ರಿಪೇರಿಯವರು ಹೇಳಿದರು. ಅವರಿನ್ನೂ ಸೈಕಲನ್ನು ಮುಟ್ಟಿಯೂ ನೋಡಿರಲಿಲ್ಲ. ಚೈನು ಜಾರುತ್ತಿದೆ ಎಂಬ ನನ್ನ ಮಾತೂ ಮುಗಿದಿರಲಿಲ್ಲ. ಪರೀಕ್ಷೆಗೆ ಮೊದಲೇ ಕಾಯಿಲೆ ಇಂಥದ್ದು ಎಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಸೊರಬದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಸಂಜೆ ಬಸ್ಸು ಹಿಡಿದು ಶಿಕಾರಿಪುರದ ಮನೆಗೆ ಬರುತ್ತೇನೆ. ಯಜಮಾನರು ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಏಳು ಗೇರಿನ ಈ ಸೈಕಲನ್ನು ನನಗೆ ಮೂವತ್ತೈದು ತುಂಬಿದ ವರ್ಷ ನಾನೇ ಶಿವಮೊಗ್ಗಕ್ಕೆ ಹೋಗಿ ಆರಿಸಿ ತಂದಿದ್ದೆ. ಸೀರೆ ತರಲು ಹೋಗಿದ್ದಾಳೆಂದು ತಿಳಿದಿದ್ದ ಅತ್ತೆ, "ಇದನ್ನ ಉಟ್ಕೊಳ್ಳಾಕೆ ಬರ್ತೈತೇನು?" ಎಂದು ಕೇಳಿದ್ದರು. ಅಂದಿನಿಂದ ಭಾನುವಾರದ ಬೆಳಿಗ್ಗೆ ನನ್ನದು. ಒಮ್ಮೊಮ್ಮೆ ಉಡುತಡಿಯ ಕಡೆ, ಹೆಚ್ಚಾಗಿ ಈಸೂರಿನ ಕಡೆ. ಹನ್ನೆರಡು ವರ್ಷವಾಯಿತು.

"ಹಂಗಲ್ರೀ, ಏರು ಬಂದ್ರೆ?" ಎಂದು ಕೇಳಿದೆ.

"ನೀವಿನ್ನು ಈಸೂರು ಏರು ಹತ್ತೋದು ಅಷ್ಟರಾಗೇ ಐತಿ ಬಿಡ್ರಿ" ಎಂದವರು ನಾಲಿಗೆ ಕಚ್ಚಿಕೊಂಡರು. ನಾನು ಎಲ್ಲಿಗೆ ಹೋಗುತ್ತೇನೆಂದು ಅವರಿಗೆ ಎಂದೂ ಹೇಳಿದವಳಲ್ಲ. ಮೊದಲು, ನನ್ನ ಗೇರ್ ಸೆಟ್ಟಿನ ಮೇಲೆ ಇವರಿಗೆ ಕಣ್ಣಿರಬೇಕು, ಬಿಚ್ಚಿ ಇನ್ಯಾರಿಗೋ ಹಾಕುತ್ತಾರೆ ಎಂದುಕೊಂಡೆ. ಯೋಚಿಸಿ ಹೇಳುತ್ತೇನೆಂದು ಸೈಕಲನ್ನು ತಳ್ಳಿಕೊಂಡು ಮನೆಗೆ ಬಂದೆ.

ಊಟಕ್ಕೆ ಕೂತಾಗ ಯಜಮಾನರಿಗೆ, "ಗೇರ್ ತೆಗೆಸೋಣ ಅಂತಿದೀನಿ ರೀ" ಎಂದಷ್ಟೇ ಅಂದೆ.

"ಅವನು ಹೇಳಿದ ಮೇಲೆ ಸರಿಯಾಗೇ ಇರ್ತದೆ. ನೀನು ಸೊರಬಕ್ಕೆ ಹೋಗು, ನಾಳೇನೇ ಮಾಡಿಸಿ ಇಟ್ಟಿರ್ತೀನಿ" ಎಂದರು.

ನಲ್ಲಿ ಸೋರುತ್ತಿದೆ ಎಂದರೆ ಎರಡು ತಿಂಗಳು ಯೋಚಿಸುವ ಮನುಷ್ಯ ನಾಳೆಯೇ ಅನ್ನುತ್ತಿದ್ದಾರೆ. ಅದೂ ಹೋಗಲಿ, ಯಾರೋ ಹೇಳಿದರೆಂದು ನಾನು ಹೇಳಿರಲೇ ಇಲ್ಲ. ಬೆಳಿಗ್ಗೆ ಸೈಕಲ್ ಹತ್ತುವಾಗ ಸೀಟು ನಾಲ್ಕು ಬೆರಳು ಎತ್ತರವಾಗಿದ್ದದ್ದೂ ಆಗ ನೆನಪಾಯಿತು. ಇಳಿಸಿಕೊಂಡು ಹೋಗಿದ್ದೆ.

"ಸೈಕಲ್ ಯಾರು ಓಡಿಸಿದ್ದು?"

"ಪಕ್ಕದ ಮನೆಯವರು ಕೇಳಿದ್ರೇನೋ" ಎಂದು ಅವರು ಸಾರಿನ ಪಾತ್ರೆಗೆ ಕೈ ಹಾಕಿದರು. ಪಕ್ಕದ ಮನೆಯವರು ತಿಂಗಳಿನಿಂದ ಊರಲ್ಲಿರಲಿಲ್ಲ.

ಆ ಮಧ್ಯಾಹ್ನವಿಡೀ ನನ್ನ ತಲೆ ಒಂದೇ ಸಮ ಓಡಿತು. ನಲವತ್ತೇಳರ ಹೆಂಗಸು ಖಾಲಿ ರಸ್ತೆಯಲ್ಲಿ ಒಬ್ಬಳೇ ಹೋಗುತ್ತಾಳೆಂದು ನೆಂಟರು ಆಡಿದ ಮಾತು ನನ್ನ ಕಿವಿಗೂ ಬಿದ್ದಿತ್ತು. ಗೇರ್ ಹೋದರೆ ಏರು ಹತ್ತುವುದು ನಿಲ್ಲುತ್ತದೆ, ಏರು ಹತ್ತದಿದ್ದರೆ ಊರೊಳಗೇ ಸುತ್ತಾಡಿಕೊಂಡಿರುತ್ತಾಳೆ. ಜಗಳವಿಲ್ಲದೆ ಹೆಂಡತಿಯನ್ನು ಮನೆಯಲ್ಲಿ ಕೂರಿಸುವ ಉಪಾಯವನ್ನು ಇಬ್ಬರು ಗಂಡಸರು ಸೇರಿ ಮಾಡಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ.

ಸೋಮವಾರ ಬೆಳಿಗ್ಗೆ ಯಜಮಾನರು ಸ್ನಾನಕ್ಕೆ ಹೋದಾಗ ಸೈಕಲನ್ನು ತಳ್ಳಿಕೊಂಡು ಹೊರಟವಳು ಬಸ್ಸಿನ ಮೇಲೆ ಹಾಕಿಸಿದೆ. "ಇದನ್ನ ಎಲ್ಲಿಗ್ರೀ ಅಕ್ಕಾ ಒಯ್ಯೋದು?" ಎಂದರು ಕಂಡಕ್ಟರ್. "ಬೇರೆ ಡಾಕ್ಟರಿಗೆ ತೋರಿಸಾಕೆ" ಎಂದೆ.

ಸೊರಬದಲ್ಲಿ ನನ್ನ ಕೋಣೆಯ ಹಿಂದಿನ ರಸ್ತೆಯಲ್ಲಿ ಒಬ್ಬ ವಯಸ್ಸಾದ ರಿಪೇರಿಯವರಿದ್ದಾರೆ. ಅವರು ಏನೂ ಕೇಳದೆ ಸೈಕಲನ್ನು ತಲೆಕೆಳಗು ಮಾಡಿ, ಪೆಡಲು ತಿರುಗಿಸಿ, ಕಣ್ಣು ಕಿರಿದು ಮಾಡಿ ಹಿಂದಿನಿಂದ ನೋಡಿದರು.

"ಯಾವಾಗ ಬಿದ್ರಿ?"

"ನಾನು ಬಿದ್ದಿಲ್ಲ."

"ನೀವು ಬಿದ್ದಿಲ್ದೆ ಇರಬಹುದು ಮಾರಾಯ್ರೆ, ಸೈಕಲ್ ಬಿದ್ದಿದೆ." ಗೇರ್ ಸೆಟ್ಟನ್ನು ಹಿಡಿದುಕೊಂಡಿರುವ ಕಬ್ಬಿಣದ ಕಿವಿಯನ್ನು ತೋರಿಸಿದರು. ಅದು ಒಳಕ್ಕೆ ಬಾಗಿತ್ತು. ಪೆಡಲಿನ ತುದಿಯಲ್ಲಿ ಕೆಮ್ಮಣ್ಣು ಮೆತ್ತಿ ಒಣಗಿತ್ತು. "ಒಂದ್ಸಲ ಬಗ್ಗಿಸಿ ನೆಟ್ಟಗೆ ಮಾಡ್ತೆ. ಮತ್ತೆ ಬಿದ್ರೆ ಮುರೀತದೆ, ಆವಾಗ ನನ್ನ ಕೇಳಬೇಡಿ. ಗೇರ್ ತೆಗೆದ್ರೂ ತಪ್ಪೇನಿಲ್ಲ."

ಇವರೂ ಅದನ್ನೇ ಹೇಳುತ್ತಾರಲ್ಲ ಎಂದು ನನಗೆ ಅವರ ಮೇಲೂ ಅನುಮಾನ ಬಂತು. ಮುಖ ನೋಡಿ ಅವರಿಗೆ ನಗು ಬಂದಿರಬೇಕು. "ಈಗೆಂತದೂ ತೆಗೆಯೋದು ಬೇಡ. ನಡುವಿನ ಗೇರಿಗೆ ಹಾಕಿ ಕೊಡ್ತೆ. ಒಂದು ವಾರ ಗೇರ್ ಬದಲಿಸೋ ಆ ಲಿವರ್ ಮುಟ್ಟಬೇಡಿ. ಆಮೇಲೆ ಗೇರ್ ಬೇಕಾ ಬೇಡ್ವಾ ನೀವೇ ಹೇಳಿ" ಎಂದರು.

ಹಾಗೇ ಮಾಡಿದೆ. ಗುರುವಾರ ನನಗೆ ರಜೆ ಇತ್ತು, ಬೆಳಿಗ್ಗೆ ಗುಡವಿಯ ಪಕ್ಷಿಧಾಮಕ್ಕೆ ಹೊರಟೆ. ಮೊದಲ ಏರಿನಲ್ಲಿ ಬೆರಳು ತಾನಾಗಿ ಲಿವರಿಗೆ ಹೋಯಿತು, ಎಳೆದುಕೊಂಡೆ. ಎರಡನೆಯದರಲ್ಲಿ ತೊಡೆ ಉರಿದು, ಇಳಿದು ನಡೆದೆ. ಹನ್ನೆರಡು ವರ್ಷದಲ್ಲಿ ಏರಿನಲ್ಲಿ ಇಳಿದದ್ದು ಅದೇ ಮೊದಲು, ಅವಮಾನವಾದೀತು ಅಂದುಕೊಂಡಿದ್ದೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬರು ಜೊತೆಗೆ ನಡೆಯುತ್ತ ಮೊಣಕಾಲು ನೋವಿನ ಕಥೆ ಹೇಳಿದರು. ಏರು ಮುಗಿದದ್ದೇ ಗೊತ್ತಾಗಲಿಲ್ಲ. ಕೆರೆಯ ಹತ್ತಿರ ಕೂತಾಗಲೂ ನಾನು ಹಕ್ಕಿಗಳ ಬದಲು ಆ ಬಾಗಿ ನೆಟ್ಟಗಾದ ಕಿವಿಯನ್ನೇ ನೋಡುತ್ತಿದ್ದೆ. ಬಿದ್ದವರು ಯಾರು?

ಶನಿವಾರ ಬಸ್ಸಿಳಿದವಳು ಮನೆಗೆ ಹೋಗದೆ ಮೊದಲಿನ ರಿಪೇರಿಯವರ ಅಂಗಡಿಗೇ ಸೈಕಲನ್ನು ತಳ್ಳಿದೆ.

"ಇದನ್ನ ಬೀಳಿಸಿದ್ದು ಯಾರು ಅಂತ ನಿಮಗೆ ಗೊತ್ತು. ಹೇಳ್ರಿ."

ಅವರು ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. "ಸರ್ ಹೇಳಬ್ಯಾಡ ಅಂದಿದ್ರು, ಮೇಡಂ. ಈಸೂರು ಏರಿನಾಗ ಗೇರ್ ಬದಲು ಮಾಡಾಕೆ ಹೋಗಿ ಚೈನು ಸಿಕ್ಕೊಂಡು ಬಿದ್ದಾರ. ಇಲ್ಲೀ ತನ ಸೈಕಲ್ ನೂಕ್ಕೊಂಡು ಬಂದ್ರು. ಗೇರ್ ತಗದ್ರ ಅವರಿಗೂ ಓಡಿಸಾಕೆ ಬರ್ತೈತಿ, ಬಿದ್ದಿದ್ದು ನಿಮಗೂ ಗೊತ್ತಾಗಂಗಿಲ್ಲ ಅಂತ..."

ಯಜಮಾನರಿಗೆ ಸೈಕಲ್ಲೇ? ಈಸೂರೇ? ಹಾಲು ತರಲೂ ಸ್ಕೂಟರ್ ತೆಗೆಯುವವರು.

ಮನೆಗೆ ಬಂದು, ಚೀಲ ಇಳಿಸುವ ಮೊದಲೇ ಕೇಳಿದೆ. ಅವರು ಅಂಗಿಯ ತೋಳು ಮೇಲೆ ಮಾಡಿ ಮೊಣಕೈ ತೋರಿಸಿದರು. ಗಾಯ ಒಣಗುತ್ತ ಬಂದಿತ್ತು. ಆಮೇಲೆ ಎದ್ದು ಹೋಗಿ, ಪಾಠದ ಪುಸ್ತಕದೊಳಗಿಂದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. ಬೇರೆ ಊರಿನ ಲ್ಯಾಬಿನ ವರದಿ. ಎರಡು ತಿಂಗಳ ಹಿಂದಿನದು. ನಾನು ದಿನಕ್ಕೆ ಹತ್ತಾರು ಜನರಿಗೆ ಬರೆದುಕೊಡುವ ಅದೇ ಸಾಲು, ಸಕ್ಕರೆಯದು. ಮಿತಿ ಮೀರಿತ್ತು.

"ವ್ಯಾಯಾಮ ಮಾಡು ಅಂದ್ರು ಡಾಕ್ಟ್ರು. ನೀನು ಇಲ್ದಾಗ ದಿನಾ ಬೆಳಿಗ್ಗೆ ತಗೊಂಡು ಹೋಗ್ತಿದ್ದೆ. ಸಕ್ಕರೆ ಇಳಿದ ಮೇಲೆ ಹೇಳೋಣ ಅಂತ..."

"ನನಗೆ ಹೇಳೋಕೆ ಏನಾಗಿತ್ತು?"

"ಊರವರ ರಕ್ತ ನೋಡೋಳು ನೀನು. ನನ್ನದೂ ಒಂದು ನಂಬರ್ ಆಗೋದು ಬೇಡ ಅನ್ನಿಸ್ತು."

ಒಂದು ವಾರವಿಡೀ ಕಾಲು ಕಟ್ಟುವ ಸಂಚು ಎಂದು ಲೆಕ್ಕ ಹಾಕುತ್ತಿದ್ದವಳಿಗೆ ಅವರ ಮುಖ ಬಡವಾಗಿದ್ದದ್ದು ಆಗಷ್ಟೇ ಕಂಡಿತು. ಪ್ರತಿ ಭಾನುವಾರ ಎದುರಿಗೇ ಊಟಕ್ಕೆ ಕೂತಿದ್ದವರು.

ಮರುದಿನ ಇಬ್ಬರೂ ಅಂಗಡಿಗೆ ಹೋದೆವು. ಗೇರ್ ತೆಗೆಯಲು ನಾನೇ ಹೇಳಿದೆ. ಯಜಮಾನರು, "ಬೇಡ, ಅದು ನಿನ್ನ ಸೈಕಲ್" ಎಂದರು. ನನ್ನದೆಂದೇ ಹೇಳುತ್ತಿದ್ದೇನೆ ಎಂದೆ. ಏರಿನಲ್ಲಿ ಇಳಿದು ನಡೆಯಬಹುದೆಂದು ಗುಡವಿಯ ದಾರಿಯಲ್ಲಿ ನನಗೆ ಗೊತ್ತಾಗಿತ್ತು. ಒಮ್ಮೆ ಬಾಗಿದ ಕಿವಿಯನ್ನು ನಂಬಿ ಅವರು ಇನ್ನೊಮ್ಮೆ ಬೀಳುವುದು ನನಗೆ ಬೇಕಿರಲಿಲ್ಲ. ರಿಪೇರಿಯವರು ಹಿಂದೆ ಒಂದೇ ಹಲ್ಲುಚಕ್ರ ಕೂರಿಸಿ, ಚೈನನ್ನು ಕಡಿದು ಬಿಗಿ ಮಾಡಿದರು. ಬಿಚ್ಚಿದ ಗೇರ್ ಸೆಟ್ಟನ್ನು ನಾನು ಕೇಳುವ ಮೊದಲೇ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಈಗ ವಾರದ ಆರು ದಿನ ಸೈಕಲ್ ಅವರದು, ಭಾನುವಾರ ನನ್ನದು. ಸಕ್ಕರೆ ಸ್ವಲ್ಪ ಇಳಿದಿದೆ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅವರು ಸುಳ್ಳು ಹೇಳಿದ್ದನ್ನು ನಾನು ಎಂದೋ ಬಿಟ್ಟೆ. ಬಿದ್ದು ಮೊಣಕೈ ಸುಲಿದುಕೊಂಡ ಬೆಳಿಗ್ಗೆ ಅವರು ನನಗೆ ಫೋನ್ ಮಾಡದೆ, ಸೈಕಲ್ ಅಂಗಡಿಯವರಿಗೆ ಮೊದಲು ಹೇಳಿಕೊಂಡರಲ್ಲ, ಅದನ್ನು ಇನ್ನೂ ಬಿಡಲಾಗಿಲ್ಲ.