ಎಮಿಲ್ ಕುಚೆರಾ ಎತ್ತಿಕೊಂಡ ಬಾವುಟ

ನಮ್ಮೂರಿನ ಎಮಿಲ್ ಕುಚೆರಾ ಅವರು ವಾರವಿಡೀ ಶಾಲಾ ಬಸ್ಸುಗಳನ್ನು ರಿಪೇರಿ ಮಾಡುತ್ತಾರೆ. ಶನಿವಾರ ಮಧ್ಯಾಹ್ನ ಪಟ್ಟೆಯಂಗಿ ತೊಟ್ಟು ಹೈಸ್ಕೂಲು ಅಮೆರಿಕನ್ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಎಸೆದು ಹಿಡಿಯುವ ಆಟದ, ಪಂದ್ಯಗಳಿಗೆ ತೀರ್ಪುಗಾರರಾಗಿ ಹೋಗುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ, ನೆಬ್ರಾಸ್ಕಾದ ನಮ್ಮ ಸುತ್ತಮುತ್ತ ಅವರ ಸೀಟಿ ಕೇಳದ ಮೈದಾನವಿಲ್ಲ. ಸ್ವಂತ ಊರಿನ ಪಂದ್ಯಕ್ಕೆ ತೀರ್ಪು ಕೊಡುವಂತಿಲ್ಲ. ಹೆಂಡತಿಯ ತವರಿನ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ಕಳೆದ ಅಕ್ಟೋಬರಿನಲ್ಲಿ ಅವರು ಹೋದದ್ದು ಆ ತವರೂರಿಗೇ.

ಪಂದ್ಯದ ಕೊನೆಯ ಎಸೆತ. ತವರೂರಿನ ತಂಡ ನಾಲ್ಕು ಅಂಕ ಹಿಂದಿತ್ತು. ಗ್ರೇಡಿ ಶಿಮೆಕ್ ಎಂಬ ಆ ತಂಡದ ಹುಡುಗ ಗೆರೆಯಾಚೆ ಚೆಂಡಿಗೆ ಹಾರಿದ, ಹಿಡಿದಿದ್ದರೆ ಆರು ಅಂಕ, ಗೆಲುವು. ಎದುರಾಳಿ ಅವನ ಬೆನ್ನ ಮೇಲೆ ಬಂದ, ಇಬ್ಬರೂ ಬಿದ್ದರು, ಚೆಂಡು ಜಾರಿತು. ಚೆಂಡು ಗ್ರೇಡಿಯ ಕೈ ಮುಟ್ಟುವ ಮೊದಲೇ ತಳ್ಳಿದ್ದರೆ ತಪ್ಪು, ಮುಟ್ಟಿದ ಮೇಲಾದರೆ ಆಟ. ಕುಚೆರಾ ತಪ್ಪೆಂದು ಹಳದಿ ಬಾವುಟ ಎಸೆದಿದ್ದರು. ಅದು ನೆಲದಲ್ಲೇ ಉಳಿದರೆ ತವರೂರಿಗೆ ಇನ್ನೊಂದು ಎಸೆತ. ತಪ್ಪಾಗಿಲ್ಲವೆಂದು ಎತ್ತಿಕೊಂಡರೆ ಆ ತಂಡದ ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಬಾವುಟ ಕಂಡ ತವರೂರಿನ ಜನ ಆಗಲೇ ಕುಣಿಯುತ್ತಿದ್ದರು.

ಮುಖ್ಯ ತೀರ್ಪುಗಾರ ಲೊವೆಲ್ ಪೆನ್ನರ್ ಹತ್ತಿರ ಬಂದು ಕೇಳಿದರು. "ಏನು ನೋಡ್ದೆ, ಎಮಿಲ್?"

"ಬಿದ್ದಿದ್ದು ನೋಡ್ದೆ."

"ಬಿದ್ದಿದ್ದು ನಮ್ಮಜ್ಜಿನೂ ನೋಡಿರ್ತಾಳೆ. ಬೆನ್ನಿಗೆ ಕೈ ಯಾವಾಗ ತಗುಲ್ತು?"

ಈ ಕೆಲಸದಲ್ಲಿ ಕಣ್ಣು ಆಟಗಾರನ ಮೇಲಿರಬೇಕು, ಚೆಂಡಿನ ಮೇಲಲ್ಲ. ಹೊಸಬರಿಗೆ ಅದನ್ನು ಕಲಿಸುವವರೇ ಕುಚೆರಾ. ಆದರೆ ಆ ಚೆಂಡು ಅಷ್ಟು ಎತ್ತರದಿಂದ, ಅಷ್ಟು ನಿಧಾನವಾಗಿ ಬಂದಿತ್ತು. ಎಲ್ಲರ ಹಾಗೆ ಅವರೂ ತಲೆಯೆತ್ತಿ ನೋಡಿಬಿಟ್ಟಿದ್ದರು. ಮೈಗೆ ಮೈ ಬಡಿದ ಸದ್ದಿಗೆ ಕೈ ತಾನಾಗಿ ಸೊಂಟದ ಬಾವುಟಕ್ಕೆ ಹೋಗಿತ್ತು.

"ಚೆಂಡು ನೋಡ್ತಿದ್ದೆ ಕಣೋ," ಎಂದರು. ಹೋಗಿ ಬಾವುಟ ಎತ್ತಿಕೊಂಡರು.

ಕುಣಿಯುತ್ತಿದ್ದವರು ನಿಂತರು. ಆಮೇಲೆ ಯಾರೋ ಮೆಟ್ಟಿಲ ಮೇಲಿಂದ, "ಅಳಿಯಂದ್ರೇ, ಕನ್ನಡಕ ಕಳಿಸ್ಲಾ?" ಎಂದರು.

ಭಾನುವಾರ ಪಂದ್ಯದ ವಿಡಿಯೊ ಬಂತು. ಕುಚೆರಾ ಚರ್ಚಿಗೂ ಹೋಗದೆ ಅದನ್ನೇ ಹಿಂದಕ್ಕೂ ಮುಂದಕ್ಕೂ ಓಡಿಸಿದರು. ಎದುರಾಳಿಯ ಹೆಗಲು ಅವನದೇ ಕೈಗೆ ಅಡ್ಡವಾಗಿ, ಕೈ ತಗುಲಿದ್ದು ಕಾಣುತ್ತಿರಲಿಲ್ಲ. ಎದ್ದು ಅಂಗಳ ಸುತ್ತಿ ಬಂದು ಮತ್ತೆ ನೋಡಿದರು. ಹೆಂಡತಿ ಆರ್ಲೀನ್ ಸೂಪನ್ನು ಮೂರನೆಯ ಸಲ ಬಿಸಿ ಮಾಡಿದರು.

"ಪೆಟ್ಟು ತಿಂದೋನು ಆ ಹುಡುಗ. ಹೋಗಿ ಅವನನ್ನೇ ಕೇಳು," ಎಂದರು. "ನನ್ನ ಸೂಪಿಗಾದ್ರೂ ನೆಮ್ಮದಿ ಸಿಗ್ಲಿ."

ಹೋದರು. ಗ್ರೇಡಿ ಮನೆ ಮುಂದೆ ಪಿಕಪ್ ಗಾಡಿ ತೊಳೆಯುತ್ತಿದ್ದ. ಕುಚೆರಾ ಟೋಪಿ ತೆಗೆದು, ತಾನು ಚೆಂಡು ನೋಡುತ್ತಿದ್ದದ್ದನ್ನು ಹೇಳಿದರು. ಕೈ ಮೊದಲೋ ಚೆಂಡು ಮೊದಲೋ ಎಂದು ಕೇಳಿದರು.

ಹುಡುಗ ನೀರಿನ ಪೈಪು ಕೆಳಗಿಟ್ಟ. "ನಂಗೂ ಗೊತ್ತಾಗ್ಲಿಲ್ಲ ಸರ್. ಎರಡೂ ಒಟ್ಟಿಗೇ ಬಂದ ಹಾಗಿತ್ತು."

ಅವರು ತಮ್ಮ ಕಾರಿನ ತನಕ ಹೋಗಿ ತಿರುಗಿ ಬಂದರು. ಚೆಂಡು ಹಿಡಿಯೋ ಹಾಗೆ ಸ್ವಲ್ಪ ಆ ಕಡೆ ತಿರುಗಿ ನಿಲ್ಲು ಎಂದರು. ಗ್ರೇಡಿ ಒದ್ದೆ ಕೈಗಳನ್ನು ಮೇಲೆತ್ತಿ ನಿಂತ. ಕುಚೆರಾ ಅವನ ಹೆಗಲ ಕೆಳಗೆ ಅಂಗೈ ಇಟ್ಟು, "ಕೈ ತಗುಲಿದ್ದು ಇಲ್ಲೇನಾ?" ಎಂದು ಕೇಳಿದರು.

ಇನ್ನೂ ಕೆಳಗೆ, ಅಂದ ಹುಡುಗ. ಅವರು ಕೈ ಸರಿಸಿ ಮತ್ತೆ ಕೇಳಿದರು.