ದಾರ ಹಿಡಿದು ಅಪ್ರದಕ್ಷಿಣೆ

ಸ್ನೇಹಿತರೇ, ಇವತ್ತು ನನ್ನ ಆರನೇ ತರಗತಿ ಮಕ್ಕಳನ್ನು ಹಾರನಹಳ್ಳಿಯ ಹಳೇ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಆಯತಗಳು ಒಂದಕ್ಕೊಂದು ಅಂಟಿಕೊಂಡ ಆಕೃತಿಯ ಸುತ್ತಳತೆ ಬೋರ್ಡಿನ ಮೇಲೆ ಎಷ್ಟು ಬರೆದರೂ ಅವರ ತಲೆಗೆ ಹೋಗುತ್ತಿರಲಿಲ್ಲ. ದೇವಸ್ಥಾನದ ಜಗಲಿಗೋ ಬೇಕಾದಷ್ಟು ಮೂಲೆಗಳು. ಒಂದನ್ನೂ ಬಿಡದೆ ಅಂಚಿಗೇ ದಾರ ಹಿಡಿದು ಸುತ್ತಿ ಬನ್ನಿ ಎಂದೆ.

ಅರ್ಧ ದಾರಿಯಲ್ಲಿ, ಪ್ರದಕ್ಷಿಣೆ ಬರುತ್ತಿದ್ದ ಅಜ್ಜಿಯೊಬ್ಬರು ಎದುರಾದರು.

"ಏನ್ ಮೇಡಮ್ಮೋರೆ, ಮಕ್ಕಳ ಕೈಲಿ ಅಪ್ರದಕ್ಷಿಣೆ ಹಾಕಿಸ್ತಾ ಇದ್ದೀರಲ್ಲ!"

ನನಗೆ ರೇಗಿತು. "ಇದು ಪೂಜೆ ಅಲ್ಲ ಅಜ್ಜಿ, ಲೆಕ್ಕ. ಯಾವ ಕಡೆಯಿಂದ ಸುತ್ತಿದ್ರೂ ಉತ್ತರ ಒಂದೇ. ದಾರ ತುಳೀಬೇಡಿ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ" ಎಂದೆ, ಮಕ್ಕಳೆದುರೇ, ಗಟ್ಟಿಯಾಗಿ.

ಅಜ್ಜಿ ಸರಿದು ನಿಂತರು. "ಒಂದೇ ಅಂದ್ಮೇಲೆ ಸರಿಯಾದ ಕಡೆಯಿಂದ್ಲೇ ಸುತ್ತಿಸ್ಬೋದಿತ್ತಲ್ಲ?" ಎಂದು ಮೆಲ್ಲಗೆ ಕೇಳಿದರು.

ಮಕ್ಕಳೆಲ್ಲ ನನ್ನ ಮುಖ ನೋಡಿದರು. ದಾರ ಸುತ್ತಿಕೊಂಡು, ಪ್ರದಕ್ಷಿಣೆಯ ದಿಕ್ಕಿನಲ್ಲೇ ಮೊದಲಿನಿಂದ ಅಳೆಸಿದೆ. ಮುಗಿಸಿ ತಲೆಯೆತ್ತಿದರೆ ಅಜ್ಜಿ ಇಲ್ಲ. ನಾವು ದಾರಿ ಬಿಡುವುದನ್ನು ಕಾದು ಕಾದು ಮೆಟ್ಟಿಲಿಳಿದು ಹೋದರಂತೆ.

ಮಕ್ಕಳಿಗೆ ಸುತ್ತಳತೆ ಚೆನ್ನಾಗಿ ಅರ್ಥವಾಗಿದೆ. ಅಜ್ಜಿಯ ಸುತ್ತು ಮಾತ್ರ ಅರ್ಧಕ್ಕೇ ನಿಂತಿದೆ.